ಐಲೆಟ್ ಕಿತ್ತುಬಂದಿದೆ, ದೊಡ್ಡ ಸೈಜ್ ಹಾಕಿಸಲಾ?

ಪ್ರಶ್ನೆ: ನಮ್ಮ ಪಿಕಪ್ ಗಾಡಿಯ ಕ್ಯಾನ್ವಾಸ್ ತಾಡಪಾಲಿನ ಮೂಲೆಯಲ್ಲಿ ಐಲೆಟ್ (ಹಗ್ಗ ತೂರಿಸುವ ತೂತಿನ ಲೋಹದ ಬಳೆ) ಕಿತ್ತುಬಂದಿದೆ. ಅದೇ ಜಾಗಕ್ಕೆ ಸ್ವಲ್ಪ ದೊಡ್ಡ ಸೈಜ್ ಹಾಕಿಸಿದರೆ ಗಟ್ಟಿ ನಿಲ್ಲುತ್ತದೆ ಅಲ್ವಾ?

ಉತ್ತರ: ನಿಲ್ಲುವುದಿಲ್ಲ. ಪ್ರತಿ ವರ್ಷ ಮೇ ಕೊನೆಗೆ ನಾಲ್ಕು ಮೋಡ ಕಂಡ ಕೂಡಲೇ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಬಾಯಿ ಒಣಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಅಂಗಿಯ ಕಾಜಾ ಹರಿದರೆ ಯಾರಾದರೂ ದೊಡ್ಡ ಗುಂಡಿ ಹೊಲಿಸುತ್ತಾರಾ? ಕಾಜಾವನ್ನೇ ಸರಿಮಾಡಿಸುತ್ತಾರೆ. ತಾಡಪಾಲಿಗೆ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ! ಐಲೆಟ್ಟಿನ ಕೆಲಸ ತೂತಿನ ಬಾಯಿ ಕಾಯುವುದು. ಹಗ್ಗ ಉಜ್ಜಿ ಬಟ್ಟೆ ಹರಿಯಬಾರದು, ಅಷ್ಟೇ. ಎಳೆತ ತಡೆಯುವುದು ತೂತಿಗೂ ಅಂಚಿಗೂ ನಡುವೆ ಇರುವ ನೂಲು. ನಿಮ್ಮ ತಾಡಪಾಲಿನಲ್ಲಿ ಹರಿದಿರುವುದೂ ಆ ನೂಲೇ.

ಲೆಕ್ಕ ಹಾಕಿ ನೋಡಿ. ಅಂಚಿನ ಮಡಿಕೆ ಎರಡು ಇಂಚು ಅಗಲ ಇದೆ ಅಂದುಕೊಳ್ಳಿ. ನಡುವೆ ಅರ್ಧ ಇಂಚಿನ ತೂತು ಇದ್ದರೆ ಅಂಚಿನ ಕಡೆ ಮುಕ್ಕಾಲು ಇಂಚು ಬಟ್ಟೆ ಉಳಿಯುತ್ತದೆ. ಅಲ್ಲಿಗೇ ಒಂದು ಇಂಚಿನ ತೂತು ಹೊಡೆದರೆ ಉಳಿಯುವುದು ಅರ್ಧ ಇಂಚು. ಅದೂ ಆಗಲೇ ಎಳೆದು ಸಡಿಲಾದ ಬಟ್ಟೆ. ದುಡ್ಡು ಕೊಟ್ಟು ಬಟ್ಟೆ ಕಡಿಮೆ ಮಾಡಿಸಿಕೊಂಡ ಹಾಗಾಯಿತು. ದೊಡ್ಡ ಐಲೆಟ್ಟಿನ ಕತ್ತು, ಅಂದರೆ ತೂತಿನೊಳಗೆ ತೂರುವ ಕೊಳವೆ, ಉದ್ದ ಬೇರೆ. ಅದು ಕಚ್ಚಿಕೊಳ್ಳಲು ದಪ್ಪ ಬಟ್ಟೆ ಬೇಕು. ತೆಳು ಮಡಿಕೆಗೆ ಹಾಕಿದರೆ ಎಷ್ಟು ಬಡಿದರೂ ಒಳಗೆ ಲೊಟಲೊಟ ಅನ್ನುತ್ತದೆ. ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಎರಡು ಮಳೆಗೆ ಕಿತ್ತುಬರುತ್ತದೆ. ನಾನು ಹಾಕಿದ್ದು ತಿರುಗುವುದಿಲ್ಲ, ಇಷ್ಟು ಹೆಮ್ಮೆ ನನಗಿರಲಿ.

ಹಾಗಾದರೆ ಏನು ಮಾಡಬೇಕು? ಹಳೇ ತೂತನ್ನು ಹೊಲಿದು ಮುಚ್ಚಿ. ಅದೇ ದಪ್ಪದ ಕ್ಯಾನ್ವಾಸಿನಲ್ಲಿ ಅಂಗೈಯಗಲದ ಎರಡು ತುಂಡು ಕತ್ತರಿಸಿ, ಅಂಚು ಒಳಗೆ ಮಡಚಿ, ಮೇಲೊಂದು ಕೆಳಗೊಂದು ಇಟ್ಟು ಸುತ್ತಲೂ ಹೊಲಿಯಿರಿ. ಮಿಷನ್ ಇಲ್ಲದಿದ್ದರೆ ದಬ್ಬಣ, ಮೇಣ ಸವರಿದ ಪಾಲಿಯೆಸ್ಟರ್ ದಾರ ಸಾಕು. ಹೊಸ ತೂತು ಹಳೆಯದರಿಂದ ಮೂರು ಬೆರಳು ಪಕ್ಕಕ್ಕೆ, ಆದರೆ ತೇಪೆಯ ಒಳಗೇ ಬರಲಿ. ತೂತು ಐಲೆಟ್ಟಿನ ಕತ್ತಿಗಿಂತ ಒಂದು ಚೂರು ಸಣ್ಣದಿರಬೇಕು, ಒತ್ತಿ ತೂರಿಸುವಷ್ಟು. ಕಾದ ಕಬ್ಬಿಣದಿಂದ ತೂತು ಮಾಡುವುದು ಪ್ಲಾಸ್ಟಿಕ್ ಹಾಳೆಗೆ ಸರಿ. ಹತ್ತಿ ಬಟ್ಟೆ ಕರಗುವುದಿಲ್ಲ, ಸುಡುತ್ತದೆ. ಮೇಲಿಂದ ವಾಷರ್ ಕೂರಿಸಿ, ಕೆಳಗೆ ಡೈ (ಐಲೆಟ್ ಕೂರುವ ಲೋಹದ ಅಚ್ಚು) ಇಟ್ಟು, ಮರದ ಕೊರಡಿನ ಮೇಲೆ ಎರಡು ಮೂರು ಹದವಾದ ಏಟು ಹಾಕಿ. ಸಿಟ್ಟಲ್ಲಿ ಒಂದೇ ಏಟು ಹಾಕಿದರೆ ಐಲೆಟ್ಟಿನ ಅಂಚು ಸೀಳುತ್ತದೆ. ಸೀಳಿದ ಅಂಚು ಹಗ್ಗವನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಐಲೆಟ್ ಕೊಳ್ಳುವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಹಿತ್ತಾಳೆ ಅಂತ ಕೊಟ್ಟದ್ದು ಅಂಟಿಕೊಂಡರೆ ಅದು ಬಣ್ಣ ಬಳಿದ ಕಬ್ಬಿಣ. ತುಕ್ಕು ಹಿಡಿದರೆ ಸುತ್ತಲಿನ ಬಟ್ಟೆಯೂ ಲಡ್ಡಾಗುತ್ತದೆ.

ಆದರೆ ಕಿತ್ತುಬಂದದ್ದು ಯಾಕೆ? ಇದನ್ನು ಯಾರೂ ಕೇಳುವುದಿಲ್ಲ. ಸಕಲೇಶಪುರದಲ್ಲಿ ಬಿಸಿಲಲ್ಲಿ ಗಾಡಿಗೆ ಕಾಲು ಕೊಟ್ಟು ಹಗ್ಗ ಎಳೆದು ಬಿಗಿಯುತ್ತೀರಿ. ಶಿರಾಡಿ ಘಾಟಿ ಇಳಿಯುವಾಗ ಮಳೆ ಹೊಡೆಯುತ್ತದೆ. ಹತ್ತಿ ಕ್ಯಾನ್ವಾಸ್ ನೆನೆದರೆ ಕುಗ್ಗುತ್ತದೆ. ಹತ್ತಿ ಹಗ್ಗ, ಸೆಣಬಿನ ಹಗ್ಗವೂ ಕುಗ್ಗುತ್ತವೆ. ಎರಡೂ ಸೇರಿ ಎಳೆದರೆ ಪಾಪ ಐಲೆಟ್ ಏನು ಮಾಡೀತು? ಹಗ್ಗಕ್ಕೂ ಕೊಕ್ಕೆಗೂ ನಡುವೆ ಹಳೇ ಬೈಕ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಹಾಕಿ. ಎಳೆತ ಅದು ನುಂಗಿಕೊಳ್ಳುತ್ತದೆ.

ಅಂದಹಾಗೆ, ಅಡಿಕೆ ಅಂಗಳಕ್ಕೆ ಹಾಸುವ ನೀಲಿ ಪ್ಲಾಸ್ಟಿಕ್ ತಾಡಪಾಲಿಗೆ ಇಷ್ಟೆಲ್ಲ ಮಾಡಬೇಡಿ. ಕಿತ್ತುಹೋದ ಜಾಗದಿಂದ ಸ್ವಲ್ಪ ಒಳಗೆ ಒಂದು ನುಣುಪು ಕಲ್ಲು ಇಟ್ಟು, ಹಾಳೆಯನ್ನು ಅದರ ಸುತ್ತ ಮುದುಡಿ, ಆ ಗಂಟಿನ ಬುಡಕ್ಕೆ ಹಗ್ಗ ಬಿಗಿಯಿರಿ. ತೂತೇ ಇಲ್ಲ, ಹರಿಯುವುದು ಎಲ್ಲಿಂದ? ನಮ್ಮಲ್ಲಿ ಮಕ್ಕಳ ಗೋಲಿ ಇದಕ್ಕೇ ಕಾಣೆಯಾಗುತ್ತಿತ್ತು.

ಇನ್ನೊಂದು ವಿಷಯ. ಕ್ಯಾನ್ವಾಸಿಗೆ ತೇಪೆ ಹಾಕಿದ ಮೇಲೆ ಮೊದಲ ಮಳೆಗೆ ಹೊಲಿಗೆಯಲ್ಲಿ ಹನಿ ಬಿದ್ದರೆ ಗಾಬರಿಯಾಗಿ ಫೋನ್ ಮಾಡಬೇಡಿ. ನೀರು ಕುಡಿದ ಬಟ್ಟೆಯ ಹತ್ತಿ ನೂಲು ಉಬ್ಬಿ ಸೂಜಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಎರಡು ಸಲ ನೆನೆಸಿ ಒಣಗಿಸಿ ನೋಡಿ. ಸೋಪಿನ ಪುಡಿ ಹಾಕಿ ಉಜ್ಜಿದ್ದರೆ ಮಾತ್ರ ನನ್ನನ್ನು ಕೇಳಬೇಡಿ, ನೀರು ತಡೆಯಲು ಬಳಿದ ಮೇಣವನ್ನೂ ನೀವೇ ತೊಳೆದುಬಿಟ್ಟಿರುತ್ತೀರಿ.