ಮಾರಿನಲೇದಾ: ಕೂಲಿಕಾರರು ನೆಲ ಪಡೆದ ಹಳ್ಳಿ

ಗೋಧಿ ಕೊಯ್ಯಲು ಒಂದು ಯಂತ್ರ ಇದ್ದರೆ ಸಾಕು. ಕೆಂಪು ದಪ್ಪ ಮೆಣಸಿನಕಾಯಿ ಬಿಡಿಸಲು ಕೈಗಳೇ ಬೇಕು. ಸ್ಪೇನಿನ ದಕ್ಷಿಣಕ್ಕಿರುವ ಮಾರಿನಲೇದಾ ಎಂಬ ಹಳ್ಳಿ ತನ್ನ ಬದುಕನ್ನು ಕಟ್ಟಿಕೊಂಡಿದ್ದು ಇಷ್ಟು ಸಣ್ಣ ಲೆಕ್ಕದ ಮೇಲೆ.

ಸೆವಿಲ್ಲೆ ಪ್ರಾಂತ್ಯದ ಈ ಊರಿನಲ್ಲಿ ಮೂರು ಸಾವಿರ ಜನವೂ ಇಲ್ಲ. ಸುತ್ತಲಿನ ಆಂಡಲೂಸಿಯಾ ದೊಡ್ಡ ಜಮೀನ್ದಾರರ ಸೀಮೆ. ಕಣ್ಣು ಹಾಯುವವರೆಗೂ ಹೊಲ, ಆದರೆ ಊರವರಿಗೆ ತುಂಡು ನೆಲವಿಲ್ಲ. ಆಲಿವ್ ಸುಗ್ಗಿ ಬಂದರೆ ದಿನಗೂಲಿ ಸಿಗುತ್ತಿತ್ತು. ಉಳಿದ ತಿಂಗಳು ಸುಮ್ನೆ ಕೂರಬೇಕು, ಇಲ್ಲವೇ ಊರು ಬಿಡಬೇಕು.

1975ರಲ್ಲಿ ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡ. ಮರುವರ್ಷವೇ ಆಂಡಲೂಸಿಯಾದ ಕೃಷಿ ಕೂಲಿಕಾರರ ಸಂಘ ಹುಟ್ಟಿತು. 1979ರ ಚುನಾವಣೆಯಲ್ಲಿ ಹ್ವಾನ್ ಮನುವೆಲ್ ಸಾಂಚೆಸ್ ಗೋರ್ದಿಯೊ ಎಂಬ ಯುವ ಮೇಷ್ಟ್ರು ಮಾರಿನಲೇದಾದ ಮೇಯರ್ ಆದರು. ಮರುವರ್ಷ ಆಗಸ್ಟ್‌ನಲ್ಲಿ ಸುಮಾರು 700 ಜನ ಉಪವಾಸ ಕೂತರು. ಅದಕ್ಕೆ ಅವರು ಇಟ್ಟ ಹೆಸರು 'ಹಸಿವಿನ ವಿರುದ್ಧ ಉಪವಾಸ'. ಆಗ ಅವರು ಕೇಳಿದ್ದು ಕೆಲಸ. ಆದರೆ ಸರ್ಕಾರ ಕೊಡುವ ನಾಲ್ಕು ದಿನದ ಕೆಲಸದಿಂದ ಹೊಟ್ಟೆ ತುಂಬಲ್ಲ, ನೆಲವೇ ಬೇಕು ಎಂಬುದು ಅವರಿಗೆ ಬೇಗ ಮನವರಿಕೆಯಾಯಿತು.

ಅವರ ಕಣ್ಣು ಬಿದ್ದಿದ್ದು ಇನ್ಫಾಂತಾದೊ ಡ್ಯೂಕ್ ಮನೆತನದ ಎಲ್ ಹುಮೋಸೊ ಜಮೀನಿನ ಮೇಲೆ. ಮೈಲಿಗಟ್ಟಲೆ ನಡೆದು ಹೋಗಿ ಅಲ್ಲಿ ಕೂರುವುದು, ಪೊಲೀಸರು ಎಬ್ಬಿಸುವುದು, ಮತ್ತೆ ಹೋಗಿ ಕೂರುವುದು. ಹೆಂಗಸರು, ಮಕ್ಕಳು, ಎಲ್ಲರೂ. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೆ 1991ರಲ್ಲಿ ಆಂಡಲೂಸಿಯಾ ಸರ್ಕಾರ ಡ್ಯೂಕ್‌ಗೆ ಪರಿಹಾರ ಕೊಟ್ಟು, 1,200 ಹೆಕ್ಟೇರ್, ಅಂದರೆ ಸುಮಾರು 3,000 ಎಕರೆ ನೆಲವನ್ನು ಊರವರ ಬಳಕೆಗೆ ಬಿಟ್ಟಿತು.

ಅವರ ಘೋಷಣೆ ನಮ್ಮ 'ಉಳುವವನೇ ಹೊಲದೊಡೆಯ' ಅನ್ನುವಂಥದ್ದೇ. ಆದರೆ ಇವರು ಗೇಣಿದಾರರಲ್ಲ, ಕೂಲಿಗಳು. ಹಾಗಾಗಿ ಮನೆಗಿಷ್ಟು ಅಂತ ಪಾಲು ಮಾಡಿಕೊಳ್ಳಲಿಲ್ಲ, ಸಹಕಾರಿ ಸಂಘ ಕಟ್ಟಿದರು. ನನ್ನ ಪ್ರಕಾರ ಅವರ ನಿಜವಾದ ಜಾಣತನ ಕಾಣುವುದು ಇದರ ನಂತರ. ಲಾಭ ಎಷ್ಟು ಅಂತ ಕೇಳುವ ಮೊದಲು, ಈ ಬೆಳೆ ಎಷ್ಟು ಜನಕ್ಕೆ ಕೆಲಸ ಕೊಡುತ್ತೆ ಅಂತ ಕೇಳಿದರು. ಆಲಿವ್ ಜೊತೆಗೆ ಮೆಣಸಿನಕಾಯಿ, ಆರ್ಟಿಚೋಕ್, ಬ್ರಾಡ್ ಬೀನ್ಸ್ ಹಾಕಿದರು. ಎಲ್ಲವೂ ಕೈಕೆಲಸ ಜಾಸ್ತಿ ಬೇಡುವ ಬೆಳೆಗಳು. ಆಮೇಲೆ ಅವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯನ್ನೂ ಊರಲ್ಲೇ ಕಟ್ಟಿದರು. ಹೊಲದ ಕೆಲಸ ಮುಗಿದರೂ ಕೆಲಸ ಮುಗಿಯಬಾರದು, ಅಲ್ವಾ?

2013ರ ಸುಮಾರಿಗೆ ದಿನಕ್ಕೆ ಸುಮಾರು 47 ಯೂರೋ ಕೂಲಿ ಸಿಗುತ್ತಿತ್ತು, ಹೊಲದಲ್ಲಿರಲಿ, ಕಾರ್ಖಾನೆಯಲ್ಲಿರಲಿ. ಮನೆಗೂ ಇದೇ ದಾರಿ: ಜಾಗ ಪಂಚಾಯಿತಿಯದು, ಸಾಮಾನು ಸರ್ಕಾರದ್ದು, ಮೈಮುರಿದು ಕಟ್ಟುವುದು ಮನೆಯವರೇ. ತಿಂಗಳ ಕಂತು ಆಗ ಸುಮಾರು 15 ಯೂರೋ ಇತ್ತು. ಆದರೆ ಲಾಭಕ್ಕೆ ಮಾರುವಂತಿಲ್ಲ.

ಕೊರತೆಗಳನ್ನೂ ಹೇಳಬೇಕು. ಎಲ್ಲರಿಗೂ ವರ್ಷಪೂರ್ತಿ ಕೆಲಸ ಸಿಗುವುದಿಲ್ಲ, ಸರ್ಕಾರದ ನೆರವು ತಪ್ಪಿಲ್ಲ. ಊರಸಭೆಯಲ್ಲಿ ಎಲ್ಲರೆದುರು ಕೈ ಎತ್ತಿ ತೀರ್ಮಾನಿಸುವ ಪದ್ಧತಿಯಲ್ಲಿ 'ಬೇಡ' ಅನ್ನುವುದು ಕಷ್ಟ ಎಂಬ ದೂರು ನನಗೂ ಸರಿ ಅನಿಸುತ್ತದೆ. ಗೋರ್ದಿಯೊ 44 ವರ್ಷ ಮೇಯರ್ ಆಗಿದ್ದು, 2023ರಲ್ಲಿ ಹಿಂದೆ ಸರಿದರು. ಉಪವಾಸ ಕೂತ ತಲೆಮಾರಿಗೆ ಈಗ ವಯಸ್ಸಾಗಿದೆ. ಆ ಜಮೀನಿಗಾಗಿ ಒಂದು ದಿನವೂ ನಡೆಯದ ಮಕ್ಕಳು ಈಗ ಅದೇ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಾರೆ.