ಪದ ಪರಿಚಯ: ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ

ಮೊನ್ನೆ ನಮ್ಮ ಕಡೆ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಶಾಸಕರ ಫೋಟೋ, ಹಿಂದೆ ವಿಧಾನಸೌಧ, ಪಕ್ಕದಲ್ಲಿ ಒಂದು ಸಿಂಹ (ಸಿಂಹ ಯಾಕೆ ಅಂತ ನನ್ನನ್ನ ಕೇಳ್ಬೇಡಿ), ಕೆಳಗೆ ದಪ್ಪಕ್ಷರದಲ್ಲಿ "ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿ ಸದನದಲ್ಲಿ ಗುಡುಗಿದ ನಮ್ಮ ನಾಯಕರು". ಈ ಥರದ್ದು ಇದು ಮೂರನೇದೋ ನಾಲ್ಕನೇದೋ, ಹಿಂದಿನ ಸಲ ಎಲ್ಲ ಸುಮ್ನಿದ್ದೆ, ಈ ಸಲ ಆಗ್ಲಿಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಸದನದಲ್ಲಿ ಯಾರೂ ಬಾಯೇ ಬಿಡಲ್ಲ ಕಣ್ರೀ. ಕಾಗದದಲ್ಲಿ ಹೋಗುತ್ತೆ, ಕಾಗದದಲ್ಲೇ ವಾಪಸ್ ಬರುತ್ತೆ. ಗುಡುಗಿದ್ದೇ ನಿಜ ಆದ್ರೆ ಇಲಾಖೆ ಪ್ರಿಂಟರ್ ಗುಡುಗಿರ್ಬೇಕು.

ಅದರ ಕೆಳಗೆ ನಮ್ಮ ಬೀದಿಯ ಹಿರಿಯರೊಬ್ಬರು, ಪಾಪ ರಿಟೈರ್ಡ್ ಮೇಷ್ಟ್ರು, "ಚುಕ್ಕೆ ಗುರುತಿಲ್ಲ ಅಂದ್ರೆ ಒಳ್ಳೇದೇ ಅಲ್ವೇನಪ್ಪ, ಕಪ್ಪುಚುಕ್ಕೆ ಇಲ್ಲದ ಪ್ರಶ್ನೆ" ಅಂತ ಬರೆದಿದ್ರು. ನಗು ಬಂತು, ಆಮೇಲೆ ಅನ್ನಿಸ್ತು ಅವರದೇನೂ ತಪ್ಪಿಲ್ಲ ಅಂತ. ನಮ್ಮ ಹಳೇ ಮೈಸೂರು ಕಡೆ ಚುಕ್ಕೆ ಅಂದ್ರೆ ಬೊಟ್ಟು. ರಂಗೋಲಿ ಚುಕ್ಕೆ, ಬಿಳಿ ಪಂಚೆ ಮೇಲೆ ಬಿದ್ದ ಸಾರಿನ ಚುಕ್ಕೆ, ಹೆಸರಿಗೆ ಅಂಟಿದ ಕಪ್ಪುಚುಕ್ಕೆ. ಆಕಾಶದಲ್ಲಿರೋದನ್ನ ನಾವು ನಕ್ಷತ್ರ ಅಂದ್ಬಿಡ್ತೀವಿ. ಉತ್ತರ ಕರ್ನಾಟಕದವರಿಗೆ ಈ ಕಷ್ಟ ಇಲ್ಲ, ಅವರಿಗೆ ಚುಕ್ಕಿ ಅಂದ್ರೆ ಮೊದಲು ಆಕಾಶದ ಚುಕ್ಕಿ, ಆಮೇಲೆ ಬೇರೆದು. ನಮ್ಮಲ್ಲೂ ಬೆಳಗಿನ ಜಾವ ಶುಕ್ರನ್ನ ಬೆಳ್ಳಿಚುಕ್ಕಿ ಅನ್ನೋ ವಾಡಿಕೆ ಇತ್ತು, ಈಗ ಕೇಳೋದೇ ಅಪರೂಪ.

ಆದ್ರೆ ಕೋಲಾರದವರಿಗೆ ಈ ಗೊಂದಲ ಬರಲೇಬಾರದಿತ್ತು ಅನ್ನೋದು ನನ್ನ ತಕರಾರು. ಅರ್ಧ ಮಾತು ತೆಲುಗಲ್ಲೇ ಆಡೋರು ನಾವು. ಬೇಸಿಗೇಲಿ ತಾರಸಿ ಮೇಲೆ ಚಾಪೆ ಹಾಕ್ಕೊಂಡು ಮಲಗಿದಾಗ ನಮ್ಮಜ್ಜಿ ಮೇಲೆ ಕೈ ತೋರಿಸಿ ಚುಕ್ಕಲು ಅಂತಲೇ ಅಂತಿದ್ಲು, ಬೆಳ್ಳಿಚುಕ್ಕಿಗೆ ವೇಗುಚುಕ್ಕ. ತೆಲುಗಲ್ಲಿ ಚುಕ್ಕ ಅಂದ್ರೆ ನಕ್ಷತ್ರಾನೂ ಹೌದು, ಬೊಟ್ಟೂ ಹೌದು, ಹನಿಯೂ ಹೌದು, ಸಂಜೆ ಕೆಲವರು ಹಾಕ್ಕೊಳ್ಳೋದೂ ಚುಕ್ಕಾನೇ, ಅದು ಬೇರೆ ಅಧ್ಯಾಯ. ಮೂಲದಲ್ಲಿ ಎರಡೂ ಒಂದೇ ದ್ರಾವಿಡ ಪದ. ದೂರದಲ್ಲಿ ಸಣ್ಣದಾಗಿ ಕಾಣೋದು ಚುಕ್ಕೆ, ಅದು ನೆಲದ ಮೇಲಿದ್ರೂ ಸರಿ ಮುಗಿಲಲ್ಲಿದ್ರೂ ಸರಿ.

ಇಂಗ್ಲಿಷಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸ್ಟಾರ್ಡ್ ಕ್ವೆಶ್ಚನ್ ಅಂತಾರೆ, ಪ್ರಶ್ನೆ ಪಕ್ಕ ಒಂದು ಆಸ್ಟರಿಸ್ಕ್ ಹಾಕೋ ಪದ್ಧತಿಯಿಂದ ಬಂದಿದ್ದು. ಆಸ್ಟರಿಸ್ಕ್ ಅನ್ನೋದು ಗ್ರೀಕ್ ಮಾತು, ಅರ್ಥ ಪುಟ್ಟ ನಕ್ಷತ್ರ. ಹಿಂದಿಯವರು ತಾರಾಂಕಿತ ಪ್ರಶ್ನ ಅಂತ ಮಾಡ್ಕೊಂಡ್ರು. ಕನ್ನಡದಲ್ಲಿ ಯಾವ ಪುಣ್ಯಾತ್ಮ ಮಾಡಿದ್ನೋ, "ನಕ್ಷತ್ರಾಂಕಿತ" ಅಂತ ಒಂದು ಭಾರದ ಪದ ಹೊರಿಸೋ ಬದಲು ಚುಕ್ಕೆ ಅಂದ. ನಕ್ಷತ್ರಾನೂ ಬಂತು, ಕಾಗದದ ಮೇಲಿನ ಗುರುತೂ ಬಂತು, ಒಂದೇ ಪದದಲ್ಲಿ. ಸರ್ಕಾರಿ ಕನ್ನಡದಲ್ಲಿ ಇಂಥ ಚಂದದ ಅನುವಾದ ಬೆರಳೆಣಿಕೆ, ಅದನ್ನೂ ನಾವು ಕಪ್ಪುಚುಕ್ಕೆ ಮಾಡಿ ಕೂತಿದೀವಿ.

ಈಗ ಎರಡನೇ ತಪ್ಪು, ಇದು ಇನ್ನೂ ಜಾಸ್ತಿ. ಚುಕ್ಕೆ ಇದ್ರೆ ಮುಖ್ಯವಾದ ಪ್ರಶ್ನೆ, ಇಲ್ದಿದ್ರೆ ಲೊಟ್ಟೆ ಪ್ರಶ್ನೆ ಅನ್ನೋದು. ಹೋಟೆಲಿಗೆ ಕೊಡೋ ಸ್ಟಾರ್ ಅಲ್ಲ ಇದು. ಆ ಗುರುತು ಹೇಳೋದು ಒಂದೇ ಮಾತು, "ನನಗೆ ಬಾಯಲ್ಲಿ ಉತ್ತರ ಬೇಕು". ಸಚಿವರು ಎದ್ದು ನಿಲ್ಬೇಕು. ಗುರುತಿಲ್ಲ ಅಂದ್ರೆ ಬರೆದು ಕೊಟ್ರೆ ಸಾಕು. ಅಷ್ಟೇ ವ್ಯತ್ಯಾಸ.

ಬಾಯಲ್ಲಿ ಯಾಕೆ ಬೇಕು ಅಂದ್ರೆ ಉಪಪ್ರಶ್ನೆಗೋಸ್ಕರ. ಮೊದಲನೇ ಉತ್ತರ ಹೆಂಗೂ ಇಲಾಖೆಯವರು ಬರೆದುಕೊಟ್ಟಿದ್ದು, ಸಚಿವರು "ಉತ್ತರ ಒದಗಿಸಿದ್ದೇನೆ" ಅಂತ ಕೂತುಬಿಡ್ತಾರೆ, ನಿಜವಾದ ಆಟ ಶುರುವಾಗೋದು ಸದಸ್ಯರು "ಸಭಾಧ್ಯಕ್ಷರೇ, ನನ್ನ ಉಪಪ್ರಶ್ನೆ" ಅಂತ ಎದ್ದಾಗ, ಅದು ಮೊದಲೇ ಲಿಖಿತವಾಗಿ ಕೊಟ್ಟಿರಲ್ಲ, ಅಲ್ಲಿ ಸಚಿವರಿಗೆ ವಿಷಯ ಗೊತ್ತಿದ್ಯೋ ಇಲ್ವೋ ಬಯಲಾಗುತ್ತೆ, ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಓಡಾಡುತ್ತೆ. ಈ ಹಕ್ಕು ಪುಕ್ಕಟೆ ಬಂದಿದ್ದೂ ಅಲ್ಲ. ಬ್ರಿಟಿಷರು 1892ರ ಕಾಯ್ದೆಯಲ್ಲಿ ಪ್ರಶ್ನೆ ಕೇಳೋಕೆ ಬಿಟ್ರು, ಉಪಪ್ರಶ್ನೆಗೆ ಬಿಡ್ಲಿಲ್ಲ. ಅದು ಸಿಕ್ಕಿದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ. ಯಾವುದಕ್ಕೆ ಹೆದರಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಲ್‌ಐಸಿ ದುಡ್ಡು ಉದ್ಯಮಿ ಮುಂಧ್ರಾ ಕಂಪನಿಗಳಿಗೆ ಹೋಗಿದ್ದನ್ನ 1957ರಲ್ಲಿ ಲೋಕಸಭೆಯಲ್ಲಿ ಕೆದಕಿ ಕೆದಕಿ ಕೇಳಿದ್ರಲ್ಲ, ಫಿರೋಜ್ ಗಾಂಧಿ ಪಟ್ಟು ಬಿಡ್ಲಿಲ್ಲ, ಸ್ವಂತ ಮಾವ ನೆಹರೂ ಸರ್ಕಾರಾನೇ ಅದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟು ಹೋದ್ರು.

ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಪ್ರಶ್ನೋತ್ತರ ವೇಳೆಯ ಒಂದು ಗಂಟೇಲಿ 20 ಮುಗಿಯೋದು ಕನಸಿನ ಮಾತು, ಬಾಯಿಗೆ ಬರೋದು ನಾಲ್ಕೋ ಐದೋ, ಉಳಿದ ಚುಕ್ಕೆ ಪ್ರಶ್ನೆಗಳಿಗೂ ಕೊನೆಗೆ ಲಿಖಿತ ಉತ್ತರಾನೇ ಗತಿ. ಗಲಾಟೆ ಆಗಿ ಸದನ ಮುಂದೂಡಿದ್ರಂತೂ ಕೇಳೋದೇ ಬೇಡ. 2020ರ ಸೆಪ್ಟೆಂಬರಲ್ಲಿ ಕೊರೋನಾ ಅಂತ ಪ್ರಶ್ನೋತ್ತರ ವೇಳೇನೇ ಕೈಬಿಟ್ರಲ್ಲ, ಆಗಲೂ ಚುಕ್ಕೆ ಇಲ್ಲದವು ನಡೆದ್ವು.

ಹಾಗಾಗಿ ಪೋಸ್ಟರಿನವರು ನಾಚಿಕೊಂಡು ಗುಡುಗು ಸೇರಿಸೋ ಅಗತ್ಯಾನೇ ಇರ್ಲಿಲ್ಲ. ನನ್ನ ಪ್ರಕಾರ ಚುಕ್ಕೆ ಇಲ್ಲದ್ದರಲ್ಲೇ ಮಾಲು ಇರೋದು. ಸಾಮಾನ್ಯ ಶಾಸಕ ಒಂದು ಅಧಿವೇಶನದಲ್ಲಿ ಏನೇನು ಕೇಳಿರ್ತಾನೆ ನೋಡಿ, ಹಾಸ್ಟೆಲ್ ಕಟ್ಟಡ, ಬಗರ್ ಹುಕುಂ ಅರ್ಜಿ, ಪೋಡಿ ಬಾಕಿ, ಖಾಲಿ ಇರೋ ಮೇಷ್ಟ್ರ ಹುದ್ದೆ, ಕೆರೆ ಒತ್ತುವರಿ, ಟೊಮೆಟೊ ಮಾರ್ಕೆಟ್ಟಿಗೆ ಜಾಗ. ಯಾವುದೂ ಟಿವಿಗೆ ಬರಲ್ಲ. ಅಸೆಂಬ್ಲಿ ವೆಬ್‌ಸೈಟಲ್ಲಿ ಪಿಡಿಎಫ್ ಬಿದ್ದಿರುತ್ತೆ. ಎರಡು ಕಾಲಂ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಸಾಲಾಗಿ (ಅ) (ಆ) (ಇ) (ಈ). (ಅ) ಯಾವಾಗಲೂ "ಸರ್ಕಾರದ ಗಮನಕ್ಕೆ ಬಂದಿದೆಯೇ". ಉತ್ತರ "ಬಂದಿದೆ", ಅಷ್ಟೇ, ಒಂದೇ ಪದ, ಮುಂದೆ ಖಾಲಿ ಜಾಗ. (ಆ) "ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು", ಪಕ್ಕದಲ್ಲಿ ಬ್ರಾಕೆಟ್ಟಲ್ಲಿ "ಸಂಪೂರ್ಣ ವಿವರ ನೀಡುವುದು". ಉತ್ತರ "ಪರಿಶೀಲನೆಯಲ್ಲಿದೆ" ಅಥವಾ "ವಿವರವನ್ನು ಅನುಬಂಧದಲ್ಲಿ ಒದಗಿಸಿದೆ".

ಪ್ರಶ್ನೆ ಬರೆಯೋಕೂ ಕಸುಬು ಬೇಕು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡೋದು) 2018ರಿಂದ ಕೋಲಾರದ ಕೆರೆಗಳಿಗೆ ಬರ್ತಿದೆ, ಮೂರನೇ ಹಂತದ ಶುದ್ಧೀಕರಣ ಯಾವಾಗ ಅಂತ ಕೇಳ್ಬೇಕಾದ್ರೆ ಸಣ್ಣ ನೀರಾವರಿಯವರನ್ನ ಕೇಳ್ಬೇಕು. ಎತ್ತಿನಹೊಳೆ ನೀರು ಯಾವಾಗ ಅಂತಾದ್ರೆ ಜಲಸಂಪನ್ಮೂಲ ಇಲಾಖೆ. ನಮ್ಮೂರ ಕೆರೆ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಮ್ಮಿ ಇದ್ರೆ ಅದು ಜಿಲ್ಲಾ ಪಂಚಾಯ್ತಿದು. ಬಾಗಿಲು ತಪ್ಪಿ ತಟ್ಟಿದ್ರೆ "ಸದರಿ ವಿಷಯವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ" ಅಂತ ಬರುತ್ತೆ, ಅಥವಾ ಫೈಲು ಇನ್ನೊಂದು ಇಲಾಖೆಗೆ ವರ್ಗ ಆಗುತ್ತೆ, ಅಷ್ಟೊತ್ತಿಗೆ ಅಧಿವೇಶನ ಮುಗಿದಿರುತ್ತೆ. ಲೋಕಸಭೆ ನಿಯಮದಲ್ಲಿ ಇನ್ನೊಂದು ಮಜಾ ಇದೆ, ಪ್ರಶ್ನೆ 150 ಪದ ದಾಟಬಾರದು, ವಾದ ಮಾಡಬಾರದು, ವ್ಯಂಗ್ಯ ಇರಬಾರದು. ನಮ್ಮ ಗ್ರೂಪಿನವರು ಒಬ್ಬರೂ ಪಾಸಾಗಲ್ಲ, ನನ್ನನ್ನೂ ಸೇರಿಸಿ.

ಸದನದಲ್ಲಿ ವಿಷಯ ಎತ್ತೋಕೆ ಬೇರೆ ದಾರಿಗಳೂ ಇವೆ, ಶೂನ್ಯ ವೇಳೆ ಬೇರೆ, ಗಮನ ಸೆಳೆಯುವ ಸೂಚನೆ ಬೇರೆ, ನಿಲುವಳಿ ಸೂಚನೆ ಬೇರೆ. ಪೇಪರಿನವರೇ ಎಲ್ಲಾನೂ ಕಲಸಿ "ಪ್ರಶ್ನಿಸಿದರು" ಅಂತ ಬರೀತಾರೆ, ಅದನ್ನ ಬಿಡಿಸೋಕೆ ಇನ್ನೊಂದು ದಿನ ಬೇಕು.

ಆದ್ರೆ "ಉದ್ಭವಿಸುವುದಿಲ್ಲ" ಬಗ್ಗೆ ಹೇಳ್ದೆ ಬಿಡಲ್ಲ. ಅದೇ ಗ್ರೂಪಲ್ಲಿ ಇನ್ನೊಬ್ಬರು ಒಂದು ಉತ್ತರದ ಸ್ಕ್ರೀನ್‌ಶಾಟ್ ಹಾಕಿ ಅದರಲ್ಲಿ "ಉದ್ಭವಿಸುವುದಿಲ್ಲ" ಅನ್ನೋದಕ್ಕೆ ಕೆಂಪು ಗೆರೆ ಎಳೆದು "ನೋಡಿ, ಇನ್ಮುಂದೆ ಸಮಸ್ಯೆ ಉದ್ಭವಿಸಲ್ಲ ಅಂತ ಸರ್ಕಾರಾನೇ ಭರವಸೆ ಕೊಟ್ಟಿದೆ" ಅಂತ ಬರೆದ್ರು. ಅಯ್ಯೋ ದೇವರೇ. ಉದ್ಭವಿಸದೇ ಇರೋದು ಸಮಸ್ಯೆ ಅಲ್ಲ, ಪ್ರಶ್ನೆ. (ಅ)ಗೆ "ಇಲ್ಲ" ಅಂದ್ರೆ (ಆ) ಹುಟ್ಟೋಕೆ ಜಾಗಾನೇ ಇಲ್ಲ, ಅಷ್ಟೇ ಅರ್ಥ. ಉದ್ಭವ ಅಂದ್ರೆ ತಾನಾಗೇ ಮೇಲೆದ್ದು ಬರೋದು, ಉದ್ಭವ ಲಿಂಗ ಅಂತೀವಲ್ಲ ಹಾಗೆ. ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಬರೋದು ನೋಡಿ ಬೆಳೆದೋರು ನಾವು, ಕೆಳಗಡೆ ಎಲ್ಲೋ ನೀರಿದ್ರೆ ತಾನೇ ಮೇಲೆ ಬರೋದು. ಅಧಿಕಾರಿಗಳಿಗೂ ಇದು ಗೊತ್ತು, ಅದಕ್ಕೇ ಮೇಲಿನ (ಅ)ನ ಜಾಣತನದಲ್ಲಿ "ಇಲ್ಲ" ಮಾಡಿದ್ರೆ ಕೆಳಗಿನ ಮೂರೂ ಒಂದೇ ಪದದಲ್ಲಿ ಮುಗಿದು ಹೋಗುತ್ತೆ.

ಗುಡುಗಿದ ಪೋಸ್ಟರಿನ ಆ ಪ್ರಶ್ನೆ ಯಾವುದು ಅಂತ ಹುಡುಕಿ ತೆಗೆದೆ. ತಾಲ್ಲೂಕಿನ ಕೆರೆ ಒತ್ತುವರಿದು, ನಿಜವಾಗಲೂ ಚೆನ್ನಾಗಿ ಕೇಳಿದ್ದಾರೆ, ಊರುವಾರು ಕೇಳಿದ್ದಾರೆ. ಉತ್ತರ ಒಂದು ಪುಟ, ಅನುಬಂಧ ಅದಕ್ಕಿಂತ ಎಷ್ಟೋ ಉದ್ದ, ಅಡ್ಡಡ್ಡ ಸ್ಕ್ಯಾನ್ ಆಗಿತ್ತು, ಫೋನ್ ತಿರುಗಿಸ್ಕೊಂಡು ಓದಿದೆ. ನಮ್ಮೂರ ಕೆರೆ ಹೆಸರು ಇತ್ತು. ಒಟ್ಟು ವಿಸ್ತೀರ್ಣ ಇತ್ತು, ಒತ್ತುವರಿ ಎಷ್ಟು ಎಕರೆ ಎಷ್ಟು ಗುಂಟೆ ಅಂತಾನೂ ಇತ್ತು. ತೆರವು ಮಾಡಿದ್ದು ಅನ್ನೋ ಕಾಲಮ್ಮಲ್ಲಿ ಒಂದು ಅಡ್ಡಗೆರೆ. ಗ್ರೂಪಿಗೆ ಬಂದಿದ್ದು ಮೊದಲನೇ ಪುಟ ಮಾತ್ರ.