ಪದ ಪರಿಚಯ: ಪ್ರಿಸ್ಕ್ರಿಪ್ಟಿವ್ ಗ್ರಾಮರ್

ಡಾಕ್ಟರು ಬರೆದುಕೊಡುವ ಪ್ರಿಸ್ಕ್ರಿಪ್ಷನ್ ಎಲ್ಲರಿಗೂ ಗೊತ್ತು. ಪ್ರಿಸ್ಕ್ರಿಪ್ಟಿವ್ ಅದರ ಒಡಹುಟ್ಟಿದ ಪದ. ಎರಡೂ ಬಂದಿದ್ದು 'ಮೊದಲೇ ಬರೆದಿಡು' ಎನ್ನುವ ಲ್ಯಾಟಿನ್ ಮಾತಿನಿಂದ. ಹೀಗೆ ಬರೆಯಿರಿ, ಹಾಗೆ ಬರೆಯಬೇಡಿ ಎಂದು ವಿಧಿಸುವ ವ್ಯಾಕರಣವೇ ಪ್ರಿಸ್ಕ್ರಿಪ್ಟಿವ್ ಗ್ರಾಮರ್. ಇದರ ಜೋಡಿ ಪದ ಡಿಸ್ಕ್ರಿಪ್ಟಿವ್ ಗ್ರಾಮರ್. ಅದು ಏನನ್ನೂ ವಿಧಿಸುವುದಿಲ್ಲ. ಜನ ಹೇಗೆ ಮಾತಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿ, ಅದರಲ್ಲಿರುವ ಕಟ್ಟಳೆಯನ್ನು ಬರೆದುಕೊಳ್ಳುತ್ತದೆ.

ಇಂಗ್ಲಿಷ್ ಕಲಿಯುವ ನಮಗೆ ಈ ವ್ಯತ್ಯಾಸ ತುಂಬಾ ಮುಖ್ಯ. 'ರೂಲ್' ಎಂಬ ಒಂದೇ ಪದದ ಕೆಳಗೆ ಎರಡು ಬೇರೆ ಸಂಗತಿಗಳು ಅಡಗಿವೆ. 'ಬಿಗ್ ರೆಡ್ ಬಾಲ್' ಎನ್ನುತ್ತಾರೆ, 'ರೆಡ್ ಬಿಗ್ ಬಾಲ್' ಎನ್ನುವುದಿಲ್ಲ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಆದರೂ ತಪ್ಪುವುದಿಲ್ಲ. ಇದು ಮಾತಿನೊಳಗೇ ಇರುವ ರೂಲ್.

ಇನ್ನೊಂದು ಬಗೆಯದು ನೋಡಿ: ವಾಕ್ಯದ ಕೊನೆಗೆ ಪ್ರೆಪೊಸಿಷನ್ (ಟು, ಇನ್, ವಿತ್ ಥರದ ಪುಟ್ಟ ಪದ) ಬರಬಾರದು. 'ಹೂ ಆರ್ ಯು ಟಾಕಿಂಗ್ ಟು?' ಎಂದು ಕೇಳದ ಇಂಗ್ಲಿಷರು ಇದ್ದಾರಾ? ಆದರೆ 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಇದನ್ನೇ ತಪ್ಪೆಂದು ಎತ್ತಿ ತೋರಿಸಿದ. ಆ ಕಾಲದ ಓದಿದವರಿಗೆ ಲ್ಯಾಟಿನ್ನೇ ಮಾದರಿ. ಲ್ಯಾಟಿನ್ನಿನಲ್ಲಿ ಪ್ರೆಪೊಸಿಷನ್ ಹೀಗೆ ಕೊನೆಗೆ ಒಂಟಿಯಾಗಿ ನಿಲ್ಲುವುದಿಲ್ಲ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಮಾತುಕತೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಗಂಭೀರ ಬರಹದಲ್ಲಿ ಮಾತ್ರ ಪ್ರೆಪೊಸಿಷನ್ನನ್ನು ಕೊನೆಗೆ ಬಿಡದೆ ಮೊದಲೇ ಇಡುವುದು ಚೆಂದ ಎಂದಷ್ಟೇ ಹೇಳಿದ್ದ. ಆಮೇಲಿನ ಶಾಲಾ ಪುಸ್ತಕಗಳಲ್ಲಿ ಆ ಸಲಹೆಯೇ 'ಕೂಡದು' ಆಯಿತು. ಇಂಥ ರೂಲ್ ಮುರಿದರೆ ಇಂಗ್ಲಿಷಿಗೆ ಏನೂ ಆಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗುವ ಉದಾಹರಣೆ ಬೇರೆ ಇದೆ. 'ಮನೆ ಕಟ್ಟಲಾಗುತ್ತಿದೆ' ಎನ್ನಲು ಇಂದು 'ದ ಹೌಸ್ ಈಸ್ ಬೀಯಿಂಗ್ ಬಿಲ್ಟ್' ಎಂದು ಕಲಿಸುತ್ತಾರೆ. 18ನೇ ಶತಮಾನದಲ್ಲಿ 'ದ ಹೌಸ್ ಈಸ್ ಬಿಲ್ಡಿಂಗ್' ಎನ್ನುವುದೇ ವಾಡಿಕೆ. ಪದಕ್ಕೆ ಪದ ಇಟ್ಟರೆ 'ಮನೆ ಕಟ್ಟುತ್ತಾ ಇದೆ'. ಆ ಶತಮಾನದ ಕೊನೆಯ ಹೊತ್ತಿಗೆ 'ಬೀಯಿಂಗ್ ಬಿಲ್ಟ್' ಬರಹದಲ್ಲಿ ಕಾಣಿಸಿಕೊಂಡಿತು. 19ನೇ ಶತಮಾನದ ಎಷ್ಟೋ ಪಂಡಿತರು ಅದರ ಮೇಲೆ ಹರಿಹಾಯ್ದರು. ಒಡ್ಡು ಪ್ರಯೋಗ, ಭಾಷೆ ಕೆಟ್ಟಿತು ಎಂದರು. ಈಗ ಅದೇ ರೂಪ ನಮ್ಮ ಗ್ರಾಮರ್ ಪುಸ್ತಕಗಳ ಪ್ಯಾಸಿವ್ ವಾಯ್ಸ್ ಪಾಠದಲ್ಲಿ ಕೂತಿದೆ. ಅದನ್ನು ತಪ್ಪು ಬರೆದರೆ ಅಂಕ ಹೋಗುತ್ತದೆ!

ಹಾಗಂತ ಪ್ರಿಸ್ಕ್ರಿಪ್ಟಿವ್ ಗ್ರಾಮರ್ ಸುಮ್ನೆ ಕಾಟ ಎಂದು ತಳ್ಳಿಹಾಕುವಂತಿಲ್ಲ. ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ 'ದೌ' ಎಂದರೆ ನೀನು, 'ಯು' ಎಂದರೆ ನೀವು. ಮರ್ಯಾದೆಗೆ ಒಬ್ಬರಿಗೂ 'ಯು' ಎನ್ನುತ್ತಾ ಎನ್ನುತ್ತಾ 'ದೌ' ಮೂಲೆಗೆ ಸರಿಯಿತು. ಆಗ ಒಬ್ಬರ ಜೊತೆ ಮಾತಾಡುವಾಗ 'ಯು ವಾಸ್' ಎನ್ನುವವರು ಬಹಳ ಜನ ಇದ್ದರು. ಲೌತ್ ಅದು ದೊಡ್ಡ ತಪ್ಪು ಎಂದ. ಶಿಷ್ಟ ಬರಹದಲ್ಲಿ 'ಯು ವರ್' ನಿಂತಿತು. ಇಲ್ಲಿ ಗೆದ್ದಿದ್ದು ಪುಸ್ತಕದ ಪಕ್ಷ. ದೂರದೂರದ ಜನ ಒಂದೇ ಕಾನೂನು, ಒಂದೇ ಪಠ್ಯ ಓದಬೇಕಾದಾಗ ಒಪ್ಪಿತವಾದ ಒಂದು ರೂಪ ಬೇಕೇ ಬೇಕು. ಹೊಸದಾಗಿ ಕಲಿಯುವವರಿಗಂತೂ ಅದು ಊರುಗೋಲು.

ಆದರೆ ಇಂಗ್ಲಿಷಿಗೆ ಕೊನೆಯ ತೀರ್ಪು ಕೊಡುವ ಪೀಠ ಯಾವುದೂ ಇಲ್ಲ. ಫ್ರೆಂಚರಿಗೆ 1635ರಿಂದಲೇ ಅಕಾಡೆಮಿ ಇದೆ. ನಮಗೂ ಅಂಥದ್ದು ಬೇಕು ಎಂದು 1712ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಕೇಳಿದ, ಆಗಲಿಲ್ಲ. 1755ರಲ್ಲಿ ನಿಘಂಟು ಮುಗಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಭಾಷೆಯನ್ನು ಕಟ್ಟಿಹಾಕಬಹುದು ಎಂದು ತಾನೂ ಆಸೆಪಟ್ಟಿದ್ದಾಗಿ, ಆ ಆಸೆಗೆ ಆಧಾರವಿಲ್ಲವೆಂದು ಆಮೇಲೆ ಅರಿವಾಗಿದ್ದಾಗಿ ಮುನ್ನುಡಿಯಲ್ಲಿ ಒಪ್ಪಿಕೊಂಡ.

ಈಗ ಎಲ್ಲರ ಬಾಯಲ್ಲಿರುವ ಜಗಳ 'ದೇ' ಪದದ್ದು. ಒಬ್ಬರನ್ನೇ ಕುರಿತು 'ದೇ' ಎನ್ನಬಹುದೇ? 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನು ವರ್ಷದ ಪದವಾಗಿ ಆರಿಸಿದಾಗ ಇದು ಹೊಸ ಖಯಾಲಿ ಎಂದವರು ಬಹಳ. ನಿಜಕ್ಕೂ ಯಾರೆಂದು ಗೊತ್ತಿಲ್ಲದ ಒಬ್ಬರಿಗೆ 'ದೇ' ಎನ್ನುವ ಬಳಕೆ 14ನೇ ಶತಮಾನದ್ದು. ಕಾನೂನಿನಲ್ಲಿ ಪುಲ್ಲಿಂಗದ ಪದವೇ ಹೆಂಗಸರಿಗೂ ಸಲ್ಲುತ್ತದೆ ಎಂದು ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಕಾಯ್ದೆಯನ್ನೇ ಮಾಡಿತು. ಕಡತಗಳಲ್ಲಿ 'ಹಿ' ಉಳಿಯಿತು. ಮಾತಿನಲ್ಲಿ 'ದೇ' ಬಳಕೆ ಮುಂದುವರಿಯಿತು. ಯಾರೋ ಬಾಗಿಲು ಬಡಿಯುತ್ತಾರೆ. ಹೊರಗಿರುವುದು ಗಂಡೋ ಹೆಣ್ಣೋ ಗೊತ್ತಿಲ್ಲ. 'ಸಮ್‌ವನ್ ಈಸ್ ಅಟ್ ದ ಡೋರ್, ಆಸ್ಕ್ ದೆಮ್ ಟು ವೇಟ್' ಎಂದುಬಿಡುತ್ತಾರೆ. ನಾವು 'ಯಾರೋ ಬಂದಿದ್ದಾರೆ, ಅವರಿಗೆ ಕಾಯೋಕೆ ಹೇಳು' ಎನ್ನುವುದಿಲ್ವಾ, ಹಾಗೇ.